ಹಳೆಯ ಬ್ಯಾಟರಿ, ಮಲೆನಾಡಿನ ಏರು: ಎಲೆಕ್ಟ್ರಿಕ್ ಬೈಕಿನ ಬ್ಯಾಟರಿ ಇನ್ನಷ್ಟು ದಿನ ಬಾಳಿಕೆ ಬರಬೇಕಾದರೆ

ಮೂರ್ನಾಲ್ಕು ವರ್ಷ ಓಡಿದ ಎಲೆಕ್ಟ್ರಿಕ್ ಬೈಕು ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತದೆ. ಅದೇ ಬೈಕು ಕೈಮರ ದಾಟಿ ಏರು ಹಿಡಿದಾಗ, ಮೀಟರ್‌ನಲ್ಲಿ ಇನ್ನೂ 35 ಪರ್ಸೆಂಟ್ ಇರುವಾಗಲೇ, ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಎಷ್ಟೋ ಜನ ಇದನ್ನು ಮೋಟರ್ ತೊಂದರೆ ಅಂದುಕೊಂಡು ಗ್ಯಾರೇಜಿಂದ ಗ್ಯಾರೇಜಿಗೆ ಅಲೆಯುತ್ತಾರೆ. ಹೆಚ್ಚಿನ ಸಲ ಕಾರಣ ಬ್ಯಾಟರಿಯೇ.

ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಳಗೇ ಆಗುವ ತಡೆ, ಏರುತ್ತದೆ. ಸಮತಟ್ಟು ರಸ್ತೆಯಲ್ಲಿ ಮೋಟರ್ 10–15 ಆಂಪಿಯರ್ ಎಳೆದರೆ, ಕಡಿದಾದ ಏರಿನಲ್ಲಿ 40 ಆಂಪಿಯರ್ ಎಳೆಯಬಹುದು. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ 0.15 ಓಮ್ ಆಗಿದೆ ಅಂತಿಟ್ಟುಕೊಳ್ಳಿ. 40ನ್ನು 0.15ರಿಂದ ಗುಣಿಸಿದರೆ 6. ಅಂದರೆ ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ 6 ವೋಲ್ಟ್ ಕುಸಿಯುತ್ತದೆ. ಒಳಗಿರುವ ಬಿಎಂಎಸ್, ಅಂದರೆ ಬ್ಯಾಟರಿಯ ಕಾವಲು ಸರ್ಕ್ಯೂಟ್, ವೋಲ್ಟೇಜ್ ತೀರಾ ಕೆಳಗಿಳಿಯಿತು ಅಂತ ಕರೆಂಟ್ ಕಡಿದುಹಾಕುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ವೋಲ್ಟೇಜ್ ಮತ್ತೆ ಮೇಲೆದ್ದು ಬೈಕು ಹೊರಡುತ್ತದೆ.

ಹಾಗಾಗಿ ನಮ್ಮ ಕಡೆ ಹಳೆಯ ಬ್ಯಾಟರಿ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟೇ: ಪರ್ಸೆಂಟ್ ಲೆಕ್ಕ ಒಂದನ್ನೇ ನಂಬಿ ಬೆಟ್ಟ ಹತ್ತಬೇಡಿ. ಏರಿನಲ್ಲಿ ನಿಮ್ಮ ಬ್ಯಾಟರಿಗೆ ಎಷ್ಟು ತಾಕತ್ತು ಉಳಿದಿದೆ ಅಂತ ತಿಳಿದುಕೊಳ್ಳಿ. ಚಾರ್ಜ್ ಮಾಡುವ ರೀತಿ, ಓಡಿಸುವ ರೀತಿ ಎರಡನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಮೊದಲು: ನಿಮ್ಮದು ಯಾವ ಬ್ಯಾಟರಿ?

ಸೀಟು ಎತ್ತಿ ಬ್ಯಾಟರಿ ಮೇಲಿನ ಲೇಬಲ್ ಓದಿ. ಧೂಳು ಕೂತಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಚಾರ್ಜರ್ ಬದಲಿಸುವಾಗ, ರಿಪೇರಿಗೆ ಕೊಡುವಾಗ ಇದೇ ಬೇಕಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಓಡುವ ಬೈಕುಗಳಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ಎನ್‌ಎಂಸಿ ಅನ್ನುವ ಲಿಥಿಯಂ ಬ್ಯಾಟರಿಯ ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಎಲ್‌ಎಫ್‌ಪಿ ಅನ್ನುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 3.65 ವೋಲ್ಟ್‌ಗೆ ತುಂಬುತ್ತದೆ. ಮೂರನೆಯದು ಕಡಿಮೆ ಬೆಲೆಯ ಹಳೆಯ ಸ್ಕೂಟರ್‌ಗಳಲ್ಲಿರುವ ಲೆಡ್ ಆಸಿಡ್. ಅದರಲ್ಲಿ 12 ವೋಲ್ಟಿನ ನಾಲ್ಕೋ ಐದೋ ಬ್ಯಾಟರಿ ಸಾಲಾಗಿ ಕೂತಿರುತ್ತವೆ.

ಲೇಬಲ್ ಮೇಲೆ 51.2 ವೋಲ್ಟ್ ಅಂತಿದ್ದರೆ ಅದು 16 ಸೆಲ್ ಸಾಲಿನ ಎಲ್‌ಎಫ್‌ಪಿ. ಅದರ ಚಾರ್ಜರ್ 58.4 ವೋಲ್ಟಿನದು. 51.8 ಅಂತಿದ್ದರೆ 14 ಸಾಲಿನ ಎನ್‌ಎಂಸಿ, ಚಾರ್ಜರ್ 58.8. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಪಿನ್ ಕೂಡ ಒಂದೇ ಇರಬಹುದು. ಆದರೂ ಒಂದರ ಚಾರ್ಜರ್ ಇನ್ನೊಂದಕ್ಕೆ ಹಾಕಬೇಡಿ. ಲೆಡ್ ಆಸಿಡ್ ಚಾರ್ಜರನ್ನಂತೂ ಲಿಥಿಯಂ ಹತ್ತಿರ ತರಲೇಬೇಡಿ. ಚಾರ್ಜರ್ ಕೆಟ್ಟಾಗ ನೆಂಟರ ಮನೆಯಿಂದ ಒಂದನ್ನು ತಂದು ಚುಚ್ಚುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹೊಸ ಬ್ಯಾಟರಿ ಇಂಥದ್ದನ್ನು ಹೇಗೋ ತಡೆದುಕೊಂಡೀತು. ಹಳೆಯದಕ್ಕೆ ಆ ಶಕ್ತಿ ಇರುವುದಿಲ್ಲ.

ಎಷ್ಟು ಸವೆದಿದೆ ಅಂತ ಅಳೆಯುವುದು

ಇದಕ್ಕೆ ದೊಡ್ಡ ಯಂತ್ರ ಬೇಡ. ಸಾಕೆಟ್‌ಗೂ ಚಾರ್ಜರ್‌ಗೂ ನಡುವೆ ಹಾಕುವ ಸಣ್ಣ ಯೂನಿಟ್ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. 51.2 ವೋಲ್ಟ್, 30 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಸುಮಾರು 1,536 ವಾಟ್-ಅವರ್, ಅಂದರೆ ಒಂದೂವರೆ ಯೂನಿಟ್. ಚಾರ್ಜರ್ ಬಿಸಿಯಾಗುವುದರಲ್ಲಿ ನಷ್ಟವಾಗುವ ಕರೆಂಟನ್ನೂ ಸೇರಿಸಿದರೆ, ಹೊಸದಿದ್ದಾಗ ಗೋಡೆಯಿಂದ 1.7 ಯೂನಿಟ್ ಹತ್ತಿರ ಎಳೆಯುತ್ತಿತ್ತು. ಈಗ 10 ಪರ್ಸೆಂಟಿನಿಂದ ಫುಲ್ ಮಾಡಿ ನೋಡಿ. ಬಂದ ಯೂನಿಟ್ಟನ್ನು 0.9ರಿಂದ ಭಾಗಿಸಿ. 1.2 ಬಂತು ಅಂದರೆ, ಹೊಸದರ 1.7ಕ್ಕೆ ಹೋಲಿಸಿದರೆ, ಬ್ಯಾಟರಿಯಲ್ಲಿ ಉಳಿದಿರುವುದು ನೂರಕ್ಕೆ ಎಪ್ಪತ್ತು. ಪಕ್ಕಾ ಲೆಕ್ಕ ಅಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಬರೆದಿಟ್ಟರೆ ಬ್ಯಾಟರಿ ಯಾವ ವೇಗದಲ್ಲಿ ಇಳಿಯುತ್ತಿದೆ ಅಂತ ಗೊತ್ತಾಗುತ್ತದೆ.

ಎರಡನೆಯದು ಏರಿನ ಪರೀಕ್ಷೆ. ನಿಮ್ಮ ಮನೆ ಹತ್ತಿರದ ಒಂದು ಏರನ್ನು ಆರಿಸಿಕೊಳ್ಳಿ. ಒಬ್ಬರೇ, ಒಂದೇ ವೇಗದಲ್ಲಿ, 80 ಪರ್ಸೆಂಟ್ ಇರುವಾಗ ಒಮ್ಮೆ, 40 ಇರುವಾಗ ಒಮ್ಮೆ ಹತ್ತಿ. ಡಿಸ್‌ಪ್ಲೇಯಲ್ಲೋ ಆ್ಯಪ್‌ನಲ್ಲೋ ವೋಲ್ಟೇಜ್ ಕಾಣುತ್ತಿದ್ದರೆ, ಹತ್ತುವ ಮುಂಚೆ ಎಷ್ಟು, ಹತ್ತುವಾಗ ಎಷ್ಟು ಅಂತ ಹಿಂದೆ ಕೂತವರಿಂದ ಓದಿಸಬೇಡಿ. ಭಾರ ಬದಲಾಗಿಬಿಡುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಆಗುವಂತೆ ಹ್ಯಾಂಡಲ್ ಮೇಲೆ ಕೂರಿಸಿ, ಮನೆಗೆ ಬಂದು ನೋಡಿ. 40ರಲ್ಲಿ ಕುಸಿತ ತೀರಾ ಜಾಸ್ತಿ ಬಂದರೆ ಅಥವಾ ಬೈಕು ಮಂಕಾದರೆ, ನಿಮ್ಮ ಪಾಲಿಗೆ 40 ಅಂದರೆ ಖಾಲಿ ಅಂತಲೇ ಲೆಕ್ಕ. ಬೆಟ್ಟದ ಪ್ರಯಾಣಕ್ಕೆ ಅದನ್ನೇ ಗಡಿ ಮಾಡಿಕೊಳ್ಳಿ.

ಚಾರ್ಜ್ ಮಾಡುವುದು

"80 ದಾಟಿಸಬೇಡಿ" ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದೆ. ಎನ್‌ಎಂಸಿ ಬ್ಯಾಟರಿಗೆ ಅದು ಒಳ್ಳೆಯ ಮಾತು. ದಿನದ ಓಡಾಟಕ್ಕೆ 20ರಿಂದ 80ರ ನಡುವೆ ಇಟ್ಟರೆ ಸೆಲ್‌ಗಳ ಆಯಸ್ಸು ಹೆಚ್ಚುತ್ತದೆ. ದೂರ ಹೋಗುವ ದಿನ ಫುಲ್ ಮಾಡಿ, ಮಾಡಿದ ಮೇಲೆ ತಡಮಾಡದೆ ಹೊರಡಿ. ಫುಲ್ ಮಾಡಿ ಎರಡು ದಿನ ಬಿಸಿಲಲ್ಲಿ ನಿಲ್ಲಿಸುವುದು ಎನ್‌ಎಂಸಿಗೆ ಆಗದ ಕೆಲಸ.

ಎಲ್‌ಎಫ್‌ಪಿಗೆ ಈ ಮಾತನ್ನು ಹಾಗೇ ಹಚ್ಚಿದರೆ ಎಡವಟ್ಟಾಗುತ್ತದೆ. ಅದರ ವೋಲ್ಟೇಜ್ 80ಕ್ಕೂ 30ಕ್ಕೂ ಹೆಚ್ಚೂಕಡಿಮೆ ಒಂದೇ ಇರುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಅಂತ ಮೀಟರ್‌ಗೇ ಸರಿಯಾಗಿ ಗೊತ್ತಾಗುವುದಿಲ್ಲ. ಪೂರ್ತಿ ತುಂಬಿದಾಗ ಮಾತ್ರ ಅದಕ್ಕೆ ಲೆಕ್ಕ ಸಿಗುತ್ತದೆ. ಅಲ್ಲದೆ ಸೆಲ್‌ಗಳನ್ನು ಒಂದೇ ಮಟ್ಟಕ್ಕೆ ತರುವ ಕೆಲಸವನ್ನು ಬಿಎಂಎಸ್ ಸಾಮಾನ್ಯವಾಗಿ ಮಾಡುವುದು ಚಾರ್ಜಿನ ಕೊನೆಯಲ್ಲಿ.

ಕಡೂರು ರಸ್ತೆಯ ಒಂದು ಗ್ಯಾರೇಜಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ನಿವೃತ್ತ ಮೇಷ್ಟ್ರೊಬ್ಬರ ಸ್ಕೂಟರ್ ಬ್ಯಾಟರಿಯನ್ನು ಅಲ್ಲಿನ ಹುಡುಗ ಬಿಚ್ಚಿ ಚಾರ್ಜಿಗೆ ಹಾಕಿದ್ದ. ಮಲ್ಟಿಮೀಟರಿನ ಕಡ್ಡಿಯನ್ನು ಒಂದೊಂದೇ ಸೆಲ್‌ಗೆ ಮುಟ್ಟಿಸುತ್ತಾ ಹೋದ. 3.42, 3.43, 3.41. ಹನ್ನೊಂದನೆಯದಕ್ಕೆ ಮುಟ್ಟಿಸಿದಾಗ 3.65. ಅಷ್ಟರಲ್ಲೇ ಚಾರ್ಜರ್ ಕಟ್ ಆಯಿತು. ಉಳಿದ ಹದಿನೈದೂ ಇನ್ನೂ ತುಂಬಿಲ್ಲ, ಒಂದು ಮಾತ್ರ ತುಂಬಿ ತುಳುಕುತ್ತಿದೆ.

"ಮೇಷ್ಟ್ರೇ, ಫುಲ್ ಚಾರ್ಜ್ ಮಾಡಿ ಎಷ್ಟು ದಿನ ಆಯ್ತು?"

"ಯಾರೋ 80 ದಾಟಿಸಬೇಡಿ ಅಂದ್ರು ಕಣಪ್ಪ. ಆಗಿನಿಂದ ಫುಲ್ ಮಾಡೇ ಇಲ್ಲ."

"ಇನ್ನು ನಾಲ್ಕೈದು ರಾತ್ರಿ ಫುಲ್ ಮಾಡಿ, ಹಸಿರು ಲೈಟ್ ಬಂದ್ಮೇಲೂ ಒಂದೆರಡು ಗಂಟೆ ಹಾಗೇ ಬಿಡಿ ಸಾರ್. ಆಮೇಲೆ ತನ್ನಿ, ನೋಡೋಣ."

ಆ ಹುಡುಗ ಹೇಳಿದ್ದು ಸರಿ. ಬಿಎಂಎಸ್ ಹೆಚ್ಚು ತುಂಬಿದ ಸೆಲ್‌ನಿಂದ ಬಹಳ ಸಣ್ಣ ಕರೆಂಟನ್ನು ಸೋರಿಸುತ್ತದೆ. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಎಲ್‌ಎಫ್‌ಪಿ ಇದ್ದವರು ವಾರಕ್ಕೊಮ್ಮೆ, ತಪ್ಪಿದರೆ ಎರಡು ವಾರಕ್ಕೊಮ್ಮೆ ಪೂರ್ತಿ ತುಂಬಿಸಿ, ಹಸಿರು ಬಂದ ಮೇಲೆ ಸ್ವಲ್ಪ ಹೊತ್ತು ಬಿಡಿ. ಎನ್‌ಎಂಸಿಗೆ ತಿಂಗಳಿಗೆ ಒಂದೆರಡು ಸಲ ಸಾಕು. ಇಷ್ಟಾದರೂ ಅದೇ ಸೆಲ್ ಮೊದಲು ತುಂಬಿ, ಓಡಿಸುವಾಗ ಅದೇ ಮೊದಲು ಖಾಲಿಯಾಗುತ್ತಿದ್ದರೆ ಆ ಸೆಲ್ ಸೋತಿದೆ ಅಂತ ಅರ್ಥ.

ಇನ್ನು ದಿನನಿತ್ಯದ ಕ್ರಮ:

1. ಬೆಟ್ಟ ಹತ್ತಿ ಬಂದ ಕೂಡಲೇ ಪ್ಲಗ್ ಹಾಕಬೇಡಿ. ಬ್ಯಾಟರಿ ಮುಟ್ಟಿದರೆ ಬಿಸಿ ಅನ್ನಿಸದ ಹಾಗೆ ಆರಲಿ. ಅರ್ಧ ಮುಕ್ಕಾಲು ಗಂಟೆ ಸಾಕು. ಬ್ಯಾಟರಿ 45 ಡಿಗ್ರಿ ದಾಟಿದ್ದಾಗ ಚಾರ್ಜ್ ಮಾಡಿದರೆ ಸೆಲ್ ಬೇಗ ಸವೆಯುತ್ತದೆ.

2. ಪೂರ್ತಿ ಖಾಲಿ ಮಾಡಬೇಡಿ. 20ಕ್ಕೆ ಬಂದರೆ ಚಾರ್ಜಿಗೆ ಹಾಕಿ. ಖಾಲಿಯಾದ ಬ್ಯಾಟರಿಯನ್ನು "ನಾಳೆ ನೋಡೋಣ" ಅಂತ ಬಿಡಬೇಡಿ.

3. ಎರಡು ಚಾರ್ಜರ್ ಇದ್ದರೆ ನಿಧಾನದ್ದನ್ನೇ ಬಳಸಿ. ರಾತ್ರಿಯಿಡೀ ಸಮಯ ಇರುವಾಗ ಅವಸರ ಯಾಕೆ?

4. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಗ್ಗೆ ರೇಂಜ್ ಕಡಿಮೆ ಕಾಣುತ್ತದೆ. ಅದಕ್ಕೆ ಹೆದರಬೇಕಿಲ್ಲ. ಬೆಳಗಿನ ಜಾವ ಚಾರ್ಜ್ ಮುಗಿಯುವ ಹಾಗೆ ಟೈಮರ್ ಇಟ್ಟರೆ ಬ್ಯಾಟರಿ ಬೆಚ್ಚಗಿದ್ದಾಗಲೇ ಹೊರಡಬಹುದು.

ಸಾಕೆಟ್, ಅರ್ತಿಂಗ್, ಲೋ ವೋಲ್ಟೇಜ್

ಬ್ಯಾಟರಿ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವವರು ಪ್ಲಗ್ ಕಡೆ ನೋಡುವುದೇ ಇಲ್ಲ. ಚಾರ್ಜರ್ ಪಿನ್ ಕಿತ್ತು ಒಮ್ಮೆ ನೋಡಿ. ಹಿತ್ತಾಳೆ ಪಿನ್ ಕಪ್ಪಾಗಿದೆಯಾ? ಸಾಕೆಟ್ಟಿನ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ? ಹಾಗಿದ್ದರೆ ಸಾಕೆಟ್ ಲೂಸ್ ಆಗಿ ಸುಡುತ್ತಿದೆ. ಇವತ್ತೇ ಬದಲಿಸಿ. 58.4 ವೋಲ್ಟ್, 10 ಆಂಪಿಯರ್ ಚಾರ್ಜರ್ ಎಳೆಯುವುದು 3 ಆಂಪಿಯರಿಗಿಂತ ಕಡಿಮೆ. ಆದರೆ ಅದು ನಾಲ್ಕೈದು ಗಂಟೆ ಬಿಡದೆ ಎಳೆಯುತ್ತದೆ. ಲೂಸ್ ಸಾಕೆಟ್ ಸುಡುವುದಕ್ಕೆ ಅಷ್ಟು ಸಾಕು. ಎಕ್ಸ್‌ಟೆನ್ಶನ್ ವೈರ್ ಬೇಕೇ ಬೇಕು ಅಂದರೆ ದಪ್ಪದ್ದು ತನ್ನಿ, ಸುರುಳಿ ಪೂರ್ತಿ ಬಿಚ್ಚಿಹಾಕಿ.

ಹಳೆಯ ಹಂಚಿನ ಮನೆಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ತ್ ವೈರ್ ಎಲ್ಲಿಗೂ ಹೋಗಿರುವುದಿಲ್ಲ. ವೈರಿಂಗ್ ಬಲ್ಲವರನ್ನು ಕರೆಸಿ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬೈಕು ಮುಟ್ಟುವವರು ನಾವು. ಅರ್ತಿಂಗ್ ಸರಿಯಿದ್ದು, ಅದರ ಜೊತೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇದ್ದರೆ ಜೀವಕ್ಕೆ ಕಾವಲು.

ಫೆಬ್ರವರಿ, ಮಾರ್ಚ್ ಬಂತು ಅಂದರೆ ಕಾಫಿ ಹೂ ಬಿಡಿಸುವ ಹೂಮಳೆಗೆ ಕಾಯಲಾರದೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಶುರುವಾಗುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹಳ್ಳಿಗಳ ಕಡೆ ವೋಲ್ಟೇಜ್ ಬಿದ್ದುಹೋಗುತ್ತದೆ. ವೋಲ್ಟೇಜ್ ಕಡಿಮೆಯಾದಷ್ಟೂ ಚಾರ್ಜರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಆ ದಿನಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಮಾಡಿ. ದಿನಾ ಇದೇ ಕಥೆಯಾದರೆ ಮೆಸ್ಕಾಂನ 1912ಕ್ಕೆ ದೂರು ಕೊಡಿ. ಹಾಸನದ ಕಡೆಯವರಿಗೂ ನಂಬರ್ ಅದೇ, ಅಲ್ಲಿ ಸರಬರಾಜು ಚಾಮುಂಡೇಶ್ವರಿ ವಿದ್ಯುತ್ ಕಂಪನಿಯದು. ಗುಡುಗು ಸಿಡಿಲಿನ ಏಪ್ರಿಲ್, ಮೇ ಸಂಜೆಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಕರೆಂಟ್ ಹೋಯಿತು ಅಂತ ಮನೆಯ ಸಣ್ಣ ಇನ್‌ವರ್ಟರಿಗೆ ಚಾರ್ಜರ್ ಹಾಕಬೇಡಿ. ಅದರಲ್ಲೂ ಸ್ಕ್ವೇರ್ ವೇವ್ ಇನ್‌ವರ್ಟರ್ ಆದರೆ ಚಾರ್ಜರ್‌ಗೇ ಕುತ್ತು.

ಚಾರ್ಜ್ ಮಾಡುವ ಜಾಗ ಗಾಳಿ ಆಡುವ ಹಾಗಿರಲಿ. ಸೌದೆ ಒಟ್ಟಿದ ಕಡೆ, ಕಾಫಿ ಮೂಟೆ ಪಕ್ಕ, ಮಲಗುವ ಕೋಣೆ, ಮನೆಯಿಂದ ಹೊರಬರುವ ಒಂದೇ ಬಾಗಿಲಿನ ಮುಂದೆ, ಇವು ಯಾವುದೂ ಬೇಡ. ಬ್ಯಾಟರಿ ಉಬ್ಬಿದ್ದರೆ, ಥಿನ್ನರ್‌ನಂಥ ಸಿಹಿ ವಾಸನೆ ಬಂದರೆ, ಬುಸ್ ಅನ್ನುವ ಸದ್ದು ಬಂದರೆ ಅದಕ್ಕೆ ಮತ್ತೆ ಚಾರ್ಜರ್ ಹಾಕಬೇಡಿ. ಹೊಗೆ ಕಂಡರೆ ಮೊದಲು ಜನ ಹೊರಗೆ, ಆಮೇಲೆ 112. ಮುಚ್ಚಳ ತೆಗೆದು ನೋಡುವ ಸಾಹಸ ಖಂಡಿತ ಬೇಡ.

ಏರಿನ ಲೆಕ್ಕ

ಬೈಕು, ನೀವು ಸೇರಿ 180 ಕೆ.ಜಿ. ಅಂದುಕೊಳ್ಳಿ. ಇಷ್ಟು ಭಾರವನ್ನು 100 ಮೀಟರ್ ಮೇಲೆತ್ತಲು ಸುಮಾರು 50 ವಾಟ್-ಅವರ್ ಬೇಕು. ಮೋಟರಿನಲ್ಲಿ ನಷ್ಟವಾಗುವುದನ್ನು ಸೇರಿಸಿದರೆ 60 ದಾಟುತ್ತದೆ. ಇದು ರಸ್ತೆಯ ದೂರಕ್ಕೆ ಬೇಕಾಗುವುದಕ್ಕಿಂತ ಹೆಚ್ಚುವರಿ.

ಈಗ ನಮ್ಮೂರಿಗೆ ಬನ್ನಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ರಸ್ತೆ ತುದಿಯವರೆಗೂ ಇಲ್ಲ ಅಂದರೂ, 700–800 ಮೀಟರ್ ಹತ್ತಲು 450ರಿಂದ 500 ವಾಟ್-ಅವರ್ ಬರೀ ಎತ್ತರಕ್ಕೇ ಹೋಗುತ್ತದೆ. ಹೊಸದಿದ್ದಾಗ ಒಂದೂವರೆ ಯೂನಿಟ್ ಹಿಡಿಯುತ್ತಿದ್ದ ಬ್ಯಾಟರಿ ಈಗ ಒಂದು ಯೂನಿಟ್ ಹಿಡಿಯುತ್ತಿದ್ದರೆ, ಅರ್ಧ ಅಲ್ಲೇ ಮುಗಿಯಿತು. ಹಿಂದೆ ಒಬ್ಬರು ಕೂತರೆ ಲೆಕ್ಕ ಇನ್ನೂ ಬಿಗಿ.

ಕಡೂರಿನ ರಸ್ತೆ ಇದಕ್ಕಿಂತ ಮೋಸದ್ದು. ಹತ್ತಿದ್ದು ಗೊತ್ತೇ ಆಗುವುದಿಲ್ಲ. ಕಡೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. ಹೋಗುವಾಗ 40 ಕಿ.ಮೀ. ದೂರ ನಿಧಾನವಾಗಿ ಇಳಿಯುತ್ತೀರಿ. ಅರ್ಧ ಬ್ಯಾಟರಿ ಉಳಿದಿದೆ, ವಾಪಸ್ ಬರಬಹುದು ಅನ್ನಿಸುತ್ತದೆ. ಆದರೆ ಬರುವಾಗ 300 ಮೀಟರಿಗೂ ಹೆಚ್ಚು ಏರಬೇಕು. ಅದು ಸಮತಟ್ಟು ರಸ್ತೆಯ ಏಳೆಂಟು ಕಿ.ಮೀ. ಜಾಸ್ತಿ ಓಡಿಸಿದ್ದಕ್ಕೆ ಸಮ. ಕಡೂರಿನಲ್ಲೇ ಒಂದೆರಡು ಗಂಟೆ ಚಾರ್ಜ್ ಮಾಡಿಕೊಂಡು ಹೊರಡಿ.

ಹತ್ತುವಾಗ ವೇಗ ಇಳಿಸಿ. 40ರಲ್ಲಿ ಹತ್ತುವ ಏರನ್ನು 20–25ರಲ್ಲಿ ಹತ್ತಿದರೆ ಬ್ಯಾಟರಿಯಿಂದ ಎಳೆಯುವ ಕರೆಂಟ್ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ, ವೋಲ್ಟೇಜ್ ಕುಸಿತವೂ ಅರ್ಧಕ್ಕಿಳಿಯುತ್ತದೆ. ಹಾಗಂತ ನಡಿಗೆಯ ವೇಗಕ್ಕೆ ತರಬೇಡಿ, ಚಕ್ರದೊಳಗಿನ ಹಬ್ ಮೋಟರ್ ಕಾದುಹೋಗುತ್ತದೆ. ಟೈರಿನ ಗಾಳಿ ಸರಿಯಿರಲಿ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದಾಗ ಬ್ರೇಕ್ ಉಜ್ಜಿದ ಸದ್ದು ಬರಬಾರದು.

ಇಳಿಯುವವರಿಗೂ ಒಂದು ಮಾತಿದೆ. ಕೆಲವು ಬೈಕುಗಳಲ್ಲಿ ಇಳಿಜಾರಿನಲ್ಲಿ ಮೋಟರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತದೆ. ಬೆಟ್ಟದ ಮೇಲಿನ ಹೋಂಸ್ಟೇಯಲ್ಲಿ ರಾತ್ರಿ ಫುಲ್ ಮಾಡಿ ಬೆಳಗ್ಗೆ ಇಳಿದರೆ, ತುಂಬಿದ ಬ್ಯಾಟರಿ ಆ ಕರೆಂಟನ್ನು ತೆಗೆದುಕೊಳ್ಳುವುದಿಲ್ಲ. ಮೋಟರಿನ ಹಿಡಿತ ಸಿಗುವುದಿಲ್ಲ. ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಮೇಲಿದ್ದಾಗ 85ಕ್ಕೇ ನಿಲ್ಲಿಸಿ.

ಮಳೆಗಾಲ

ಆರಿದ್ರೆಯಿಂದ ಆಶ್ಲೇಷದವರೆಗೆ ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಏನೂ ಒಣಗುವುದಿಲ್ಲ. ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗದಿದ್ದರೂ ಕನೆಕ್ಟರಿನಲ್ಲಿ ತೇವ ಕೂತು ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಜಾಗ ಬಿಸಿಯಾಗುತ್ತದೆ. ತಿಂಗಳಿಗೊಮ್ಮೆ ಕೀ ಆಫ್ ಮಾಡಿ, ಎಂಸಿಬಿ, ಅಂದರೆ ಬ್ಯಾಟರಿ ಲೈನಿನ ಮೇನ್ ಸ್ವಿಚ್, ಕೆಳಗೆ ಹಾಕಿ, ಕನೆಕ್ಟರ್ ಬಿಚ್ಚಿ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಚೆನ್ನಾಗಿ ಆರಿದ ಮೇಲೆ ಜೋಡಿಸಿ. ವಾಟರ್ ಸರ್ವೀಸಿನಲ್ಲಿ ಜೆಟ್ ನೀರು ಸೀಟಿನ ಕೆಳಗೆ, ಚಾರ್ಜಿಂಗ್ ಪೋರ್ಟ್ ಹತ್ತಿರ ಬೀಳದ ಹಾಗೆ ಎದುರಿಗೇ ನಿಂತು ಹೇಳಿ. ಬೆಚ್ಚಗಿನ ಜಾಗ ಹುಡುಕುವ ಇಲಿಗಳೂ ಸೀಟಿನ ಕೆಳಗೇ ಬರುತ್ತವೆ. ವೈರ್ ಕಡಿದಿದೆಯಾ ಅಂತ ಅದೇ ಹೊತ್ತಿಗೆ ನೋಡಿಬಿಡಿ.

ಮಳೆ ಮುಗಿಯುವವರೆಗೆ ಬೈಕು ನಿಲ್ಲಿಸಿಡುವವರು ಬ್ಯಾಟರಿಯನ್ನು 50–60 ಪರ್ಸೆಂಟಿಗೆ ತಂದು ಎಂಸಿಬಿ ಆಫ್ ಮಾಡಿ. ತಿಂಗಳಿಗೊಮ್ಮೆ ನೋಡಿ, 30ಕ್ಕೆ ಇಳಿದಿದ್ದರೆ ಮತ್ತೆ 60ಕ್ಕೆ ತನ್ನಿ. ಬಿಎಂಎಸ್ ಸುಮ್ನೆ ಕೂತಿದ್ದರೂ ಸ್ವಲ್ಪ ಕರೆಂಟ್ ತಿನ್ನುತ್ತಲೇ ಇರುತ್ತದೆ. ಮರೆತು ಪೂರ್ತಿ ಸತ್ತುಹೋದ ಲಿಥಿಯಂ ಬ್ಯಾಟರಿಗೆ ಬೇರೆ ದಾರಿಯಲ್ಲಿ ಕರೆಂಟ್ ತುಂಬಿ ಎಬ್ಬಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಒಪ್ಪಬೇಡಿ. ಅಷ್ಟು ಕೆಳಗೆ ಹೋದ ಸೆಲ್‌ಗಳಲ್ಲಿ ತಾಮ್ರ ಕರಗಿ ಒಳಗೇ ಶಾರ್ಟ್ ಆಗಬಹುದು. ಅಂಥ ಬ್ಯಾಟರಿ ಮನೆಯಲ್ಲಿರುವುದೇ ಅಪಾಯ.

ಲೆಡ್ ಆಸಿಡ್‌ಗೆ ಮಾತ್ರ ಇದೆಲ್ಲ ಉಲ್ಟಾ. ಅದನ್ನು ಅರ್ಧ ಇಡಬಾರದು. ಓಡಿಸಿದ ದಿನವೇ ಪೂರ್ತಿ ತುಂಬಿಸಬೇಕು, ನಿಲ್ಲಿಸಿಡುವುದಾದರೂ ತುಂಬಿಸಿಯೇ ಇಡಬೇಕು. ಚಾರ್ಜ್ ಆಗಿ ಕೆಲವು ಗಂಟೆ ಬಿಟ್ಟು ಒಂದೊಂದನ್ನೂ ಅಳೆಯಿರಿ. 12.7 ವೋಲ್ಟಿನ ಆಸುಪಾಸು ಇದ್ದರೆ ಸರಿ. ಒಂದು ಮಾತ್ರ ತೀರಾ ಕಡಿಮೆ ಇದ್ದರೆ ಉಳಿದವನ್ನೂ ಅದು ಎಳೆದುಹಾಕುತ್ತದೆ.

ರಿಪೇರಿಯಾ, ಹೊಸದಾ?

ವಾರಂಟಿ ಇದ್ದರೆ ಹೊರಗೆ ಬಿಚ್ಚಿಸಬೇಡಿ. ಪೇಪರ್ ತೆಗೆದು ನೋಡಿ, ಸಾಮರ್ಥ್ಯ ಇಂತಿಷ್ಟಕ್ಕಿಂತ ಇಳಿದರೆ ಬದಲಿಸುತ್ತೇವೆ ಅಂತ ಬರೆದಿರುತ್ತಾರೆ. ನೀವು ಬರೆದಿಟ್ಟ ಯೂನಿಟ್ ಲೆಕ್ಕ ಅಲ್ಲಿ ಕೆಲಸಕ್ಕೆ ಬರುತ್ತದೆ.

ವಾರಂಟಿ ಮುಗಿದಿದ್ದರೆ, ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ನಿಮ್ಮೆದುರೇ ಅಳೆದು ತೋರಿಸುವ ಮೆಕ್ಯಾನಿಕ್ ಹತ್ತಿರ ಹೋಗಿ. ಬಿಎಂಎಸ್ ಅಥವಾ ಕನೆಕ್ಟರ್ ಮಾತ್ರ ಕೆಟ್ಟಿದ್ದರೆ ರಿಪೇರಿ ಲಾಭ. ಎರಡು ಮೂರು ಸೆಲ್ ಬದಲಿಸಿ ಕೊಡುತ್ತೇವೆ ಅಂದರೆ ನಾನಂತೂ ಹಿಂಜರಿಯುತ್ತೇನೆ. ಹಳೆಯದರ ನಡುವೆ ಹೊಸ ಸೆಲ್ ಕೂರಿಸಿದರೆ ಮಟ್ಟ ಹೊಂದುವುದಿಲ್ಲ, ಕೆಲವೇ ತಿಂಗಳಲ್ಲಿ ಪಕ್ಕದ್ದು ಸೋಲುತ್ತದೆ. ಬೆಸುಗೆ ನೆಟ್ಟಗಿಲ್ಲದಿದ್ದರೆ ಬೆಂಕಿಯ ಭಯ ಬೇರೆ.

ಹೊಸದು ಕೊಳ್ಳುವಾಗ, ಎಲೆಕ್ಟ್ರಿಕ್ ಬೈಕಿನ ಬ್ಯಾಟರಿಯ ಸುರಕ್ಷತಾ ಮಾನದಂಡವಾದ ಎಐಎಸ್-156 ಪ್ರಕಾರ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಬೆಂಕಿ ಅವಘಡಗಳ ನಂತರ ಈ ನಿಯಮವನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮೊದಲಲ್ಲಿ ಮತ್ತು 2023ರ ಮಾರ್ಚ್ ಕೊನೆಯಲ್ಲಿ, ಹೀಗೆ ಎರಡು ಹಂತದಲ್ಲಿ ಜಾರಿಗೆ ತಂದರು. ಬೆಟ್ಟದ ಓಡಾಟ ಇರುವವರಿಗೆ ಆಂಪಿಯರ್-ಅವರ್ ಒಂದನ್ನೇ ಹೇಳಿದರೆ ಸಾಲದು. ಬಿಡದೆ ಎಷ್ಟು ಆಂಪಿಯರ್ ಕೊಡಬಲ್ಲದು ಅಂತಲೂ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ಹಳೆಯದನ್ನು ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಎರಡೂ ಟರ್ಮಿನಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಹೊಸದು ತರುವ ದಿನವೇ ಡೀಲರ್ ಹತ್ತಿರ ಕೊಟ್ಟು ರಶೀದಿ ಪಡೆದುಕೊಳ್ಳಿ.